ಗ್ರೀಸ್ ಕಮ್ಮಿ ಆಗ್ಯಾದ

ಪುಣೆ
ಬುಧವಾರ, ಸೆಪ್ಟೆಂಬರ್ ೧೦

ಪ್ರೀತಿಯ ಮಹಾಮಾಯಾ ಅಕ್ಕಾ, ಜೈಭೀಮ್.

ಕೈಗೆ ಗ್ರೀಸ್ ಹತ್ತಿದೆ. ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ, ಫೋನ್ ಬರೆದುಕೊಳ್ಳುತ್ತಿದೆ. ಓದಿದ ಮೇಲೆ ಅಳಿಸಿಬಿಡು. ಅಪ್ಪನಿಗೆ ಓದಿ ಹೇಳಬೇಡ.

ಹೋದ ರವಿವಾರ ನಾನು ಬೀದರಿಗೆ ಬಂದು ಅಪ್ಪನ ಅಂಬಾಸಡರಿನ ವೈಪರ್ ಬಿಚ್ಚಿಕೊಂಡು ಕೂತಿದ್ದೆನಲ್ಲ, ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಅವತ್ತಿನಿಂದ ಈ ಮಾತನ್ನು ಎದೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ಹಲಬರ್ಗಾ ಹತ್ತಿರ ಮಳೆಯಲ್ಲಿ ಟ್ರ್ಯಾಕ್ಟರಿನ ಹಿಂಬದಿಗೆ ಗಾಡಿ ತಾಗಿಸಿದ ಮೇಲೆ ಅಪ್ಪ ವೈಪರನ್ನೇ ಬೈಯುತ್ತಿದ್ದ. ಭಾಲ್ಕಿ ಹಾದಿ ಪೂರಾ ಗಾಜು ಸರಿಯಾಗಿ ಒರೆಸಲಿಲ್ಲ ಅಂದಿದ್ದ. ನಾನು ನಂಬಿದೆ. ಇಲ್ಲಿ ಹಳೇ ಕಾರುಗಳ ಗ್ಯಾರೇಜಿನಲ್ಲಿ ನನಗೆ ದಿನಾ ಅದೇ ಕೆಲಸ. ಮೋಟಾರಿನಿಂದ ವೈಪರಿಗೆ ಹೋಗುವ ರಾಡಿನ ಕೀಲುಗಳಲ್ಲಿ ಹಳೇ ಗ್ರೀಸ್ ಅಂಟಾಗಿ ಗಟ್ಟಿಯಾಗುತ್ತದೆ, ಮೋಟಾರು ನರಳುತ್ತದೆ, ವೈಪರ್ ಅರ್ಧಕ್ಕೆ ನಿಲ್ಲುತ್ತದೆ. ಅದೇ ಇರಬೇಕು ಅಂದುಕೊಂಡು ಹೊಸ ಡಬ್ಬಿ ಹಿಡಿದು ಬಂದೆ. ಬಿಚ್ಚಿ ನೋಡಿದರೆ ಹಿಂದಿನ ಮಳೆಗಾಲದಲ್ಲಿ ನಾನೇ ಹಚ್ಚಿದ ಗ್ರೀಸ್ ಇನ್ನೂ ಮೆತ್ತಗಿತ್ತು. ಆದರೂ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಚ್ಚಿದೆ, ವೈಪರಿನ ಬುಡಕ್ಕೆ ಎಣ್ಣೆ ಬಿಟ್ಟೆ, ರಬ್ಬರ್ ಹೊಸದು ಹಾಕಿದೆ.

ಅಪ್ಪನ ಗೆಳೆಯ ಬಾಬುಮಿಯಾ ಚಾಚಾ ಕಟ್ಟೆ ಮೇಲೆ ಕೂತು ಚೇಷ್ಟೆ ಮಾಡಿದ್ದು ನೀನೂ ಕೇಳಿದೆ. ಅಪ್ಪನಿಗೆ, ನನ್ನ ಮಗಳ ನಿಕಾಹ್ ಹತ್ತಿರ ಬಂತು, ನಿನ್ನ ಗಾಡಿ ಇನ್ನೂ ದವಾಖಾನೆಯಲ್ಲೇ ಇದೆ, ಪುಣೆಯಿಂದ ಡಾಕ್ಟರ್ ಬರಬೇಕಾಯಿತು ಅಂದರು. ಅಪ್ಪ ನಕ್ಕ. "ಮುಸರ್ರತ ನನ್ನ ಗಾಡ್ಯಾಗೇ ಠಾಣಾ ಕುಶನೂರಿಗಿ ಗಂಡನ ಮನಿಗಿ ಹೋಗ್ತಾಳ ಮಿಯಾ. ಸ್ಟೇರಿಂಗ್ ಮ್ಯಾಲ ನಾನೇ ಇರ್ತೇನಿ" ಅಂದ. ಆ ಮಾತು ಅವಳು ಹುಟ್ಟಿದಾಗಲೇ ಕೊಟ್ಟದ್ದಂತೆ.

ಆಮೇಲೆ ನೀನು ಗಾಜಿನ ಮೇಲೆ ನೀರು ಸುರಿದೆ. ಅಪ್ಪ ಒಳಗೆ ಕೂತು ವೈಪರ್ ಹಾಕಿದ. ಒಂದು ಹನಿ ಉಳಿಯಲಿಲ್ಲ. ನೀನು ಇನ್ನೊಂದು ಕೊಡ ತರಲು ಒಳಗೆ ಹೋದೆ, ಚಾಚಾ ನಮಾಜಿಗೆ ಎದ್ದು ಹೋದರು. ಆಗ ಅಪ್ಪ ಅಂದ, "ಇನ್ನಾ ಮಂಜ್ ಮಂಜ ಕಾಣ್ತದ ಧಮ್ಮಾ. ಗ್ರೀಸ್ ಕಮ್ಮಿ ಆಗ್ಯಾದ ನೋಡು."

ನಾನು ಬಗ್ಗಿ ನೋಡಿದೆ, ಗಾಜು ತಿಳಿಯಾಗಿತ್ತು. ಬೇಕೆಂದೇ ಬೇವಿನ ಗಿಡದ ಕೆಳಗೆ, ಗಾಡಿಯ ಎದುರಿಗೇ ಹೋಗಿ ನಿಂತೆ. ಗ್ರೀಸ್ ಡಬ್ಬಿ ಎತ್ತಿ ತೋರಿಸಿದೆ. ಅಪ್ಪ ಒಳಗಿನಿಂದ ಕೂಗಿದ.

"ಗಿಡದ ಬುಡಕ ಯಾರ್ರಿ ನಿಂತೀರಿ? ಜರಾ ನಮ್ಮ ಹುಡುಗಗ ಕರೀರಿ."

ಅಪ್ಪ ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು, ಅಕ್ಕಾ.

ಸುತ್ತು ಹಾಕಿ ಹಿಂದಿನಿಂದ ಬಂದು ಏನಪ್ಪಾ ಅಂದೆ. ಇನ್ನೊಮ್ಮೆ ಗ್ರೀಸ್ ಹಚ್ಚಿದೆ. ಈಗ ಹೇಗಿದೆ ಅಂತ ಕೇಳಿದರೆ, ಈಗ ಬೇಷ್ ಆಯಿತು ಅಂದ. ಅವನಿಗೂ ಗೊತ್ತಿದೆ ಅನಿಸುತ್ತದೆ. ಸ್ಟೇರಿಂಗ್ ಬಿಟ್ಟು ಅಪ್ಪ ಮನೆಯಲ್ಲಿ ಕೂತದ್ದನ್ನು ನಾವಿಬ್ಬರೂ ಯಾವತ್ತೂ ನೋಡಿಲ್ಲ. ಬಾಯಿ ತೆರೆಯುವುದು ನನ್ನಿಂದ ಆಗಲಿಲ್ಲ.

ಈ ರವಿವಾರ ನಿಕಾಹ್. ದಿನಾ ಸಂಜೆ ಮಳೆ ಹಿಡಿಯುತ್ತಿದೆ ಅಂತ ನೀನೇ ಹೇಳಿದೆ. ಔರಾದ ಹಾದಿ, ಮಾಂಜ್ರಾ ಸೇತುವೆ, ಹಿಂದಿನ ಸೀಟಿನಲ್ಲಿ ಮುಸರ್ರತ. ಇಲ್ಲಿ ನನಗೆ ಕೂತರೆ ಕೂರಲಾಗುತ್ತಿಲ್ಲ, ಮಲಗಿದರೆ ನಿದ್ದೆ ಹತ್ತುತ್ತಿಲ್ಲ.

ಅಪ್ಪನನ್ನು ಕಣ್ಣಿನ ಡಾಕ್ಟರಿಗೆ ತೋರಿಸು. ಪೊರೆ ಇದ್ದರೆ ತೆಗೆದಾರು, ಅಪ್ಪ ಮತ್ತೆ ಗಾಡಿ ಹೊಡೆದಾನು. ಆದರೆ ಅದು ಈ ರವಿವಾರದೊಳಗೆ ಆಗುವ ಕೆಲಸವಲ್ಲ. ಅದಕ್ಕೆ ಚಾಚಾಗೆ ಮಾತ್ರ ಗುಟ್ಟಾಗಿ ಹೇಳು. ಅವರ ತಮ್ಮನ ಮಗ ತನ್ವೀರ ಚೆನ್ನಾಗಿ ಗಾಡಿ ಹೊಡೆಯುತ್ತಾನೆ. ಅವನು ಸ್ಟೇರಿಂಗ್ ಹಿಡಿಯಲಿ, ಅಪ್ಪ ಪಕ್ಕದಲ್ಲಿ ಪಟಗಾ ಸುತ್ತಿಕೊಂಡು ಮನೆಯ ಹಿರಿಯನ ಹಾಗೆ ಕೂರಲಿ. ಅರ್ಧ ಮಾತಾದರೂ ಉಳಿಯುತ್ತದೆ.

ಅಪ್ಪ ಒಪ್ಪುವುದಿಲ್ಲ ಅನ್ನುತ್ತೀ. ಅವನ ನೇಮ ನಿನಗೂ ಗೊತ್ತು. ಸುಡು ಬೇಸಿಗೆಯಲ್ಲೂ ಒಮ್ಮೆ ವೈಪರ್ ಹಾಕಿ ನೋಡದೆ ಗಾಡಿ ತೆಗೆಯುವವನಲ್ಲ, ಅದು ಆಡದಿದ್ದರೆ ಮಂದಿಯನ್ನು ಕೂಡಿಸುವವನಲ್ಲ. ನನಗೆ ಆ ನೇಮದ ಮೇಲೆ ಭರವಸೆ ಇದೆ.

ಅವ್ವನಿಗೆ ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ ಅಂತ ಹೇಳು.

ನಿನ್ನ ತಮ್ಮ,
ಧಮ್ಮಪಾಲ

ತಾ.ಕ.: ರವಿವಾರದ ತನಕ ಗಾಡಿಗೆ ಬೇರೆ ಬಾಡಿಗೆ ಇಲ್ಲ. ಅವತ್ತು ಅಪ್ಪ ಸ್ವಿಚ್ ಒತ್ತಿದಾಗ ಮೋಟಾರಿನ ಸದ್ದು ಬರುತ್ತದೆ, ವೈಪರ್ ಅಲುಗುವುದಿಲ್ಲ. ರಾಡನ್ನು ಹಿಡಿದಿಡುವ ಕ್ಲಿಪ್ಪನ್ನು ಬಸ್ಸಿಗೆ ಹೊರಡುವ ಮೊದಲು ನಾನೇ ತೆಗೆದಿದ್ದೇನೆ. ನಿನ್ನ ಹೊಲಿಗೆ ಮಶೀನಿನ ಖಾನೆಯಲ್ಲಿ ಗುಂಡಿಗಳ ಜೊತೆ ಇದೆ. ತನ್ವೀರ ಸ್ಟೇರಿಂಗ್ ಮುಂದೆ ಕೂತರೆ ಮಾತ್ರ ಅವನ ಕೈಗೆ ಕೊಡು, ಎಲ್ಲಿ ಕೂಡಿಸಬೇಕೆಂದು ನಾನು ಅವನಿಗೆ ಫೋನಿನಲ್ಲಿ ಹೇಳುತ್ತೇನೆ. ಅಪ್ಪ ಕೂತರೆ ನಿನಗೆ ಏನೂ ಗೊತ್ತಿಲ್ಲ. ಪುಣೆಗೆ ಹೋಗಿಯೂ ನನ್ನ ಮಗ ಒಂದು ವೈಪರ್ ರಿಪೇರಿ ಕಲಿಯಲಿಲ್ಲ ಅಂತ ಎಲ್ಲರ ಮುಂದೆ ಬೈದರೆ, ಹೌದು ಅನ್ನು.