ಕೋಳದ ಹಲಗೆಯಲ್ಲಿ ಇಬ್ಬರು

1663, ಮಾರ್ಚಿನಿಂದ ಎಣಿಸಿ ಏಳನೇ ತಿಂಗಳು, 9. ಬೆಳಿಗ್ಗೆ

ಮತ್ತೆ ಒದೆ. ಈ ಸಲ ಪಕ್ಕೆಗೆ. ಲೆಮ್ಯುಯೆಲನ ಮೂರು ಮಕ್ಕಳೂ ನನ್ನ ಹಾಸಿಗೆಯಲ್ಲೇ — ಅಲ್ಲ, ಅವುಗಳ ಹಾಸಿಗೆಯಲ್ಲಿ ನಾನು. ನಿದ್ದೆಯಲ್ಲೂ ಕತ್ತೆ ಒದ್ದ ಹಾಗೆ ಒದೀತವೆ.

ದಿನಾ ನಿನ್ನ ಪಾಪ ಬರೆದು ನೋಡಿಕೋ ಅಂತ ಪಾದ್ರಿಗಳ ಆಜ್ಞೆ. ಇವತ್ತಿನ ಪಾಪ: ಕೋಪ. ಆದರೆ ನ್ಯಾಯವಾದ ಕೋಪ. ನಲವತ್ತು ದಾಟಿದ ಗಂಡಸು ನಾನು, ಜೇಬೆಝ್ ಟಾಲಂಡ್. ಸ್ವಂತ ಮನೆ, ಸ್ವಂತ ಒಲೆ. ನಾನು ಕಟ್ಟಿದ ಪೀಪಾಯಿಯಲ್ಲಿ ಬಾಸ್ಟನ್ನಿಗೆ ಉಪ್ಪುಮೀನು ಹೋಗುತ್ತೆ, ತೊಟ್ಟೂ ಸೋರಲ್ಲ. ಆದರೆ ಕೋರ್ಟಿನ ಅಪ್ಪಣೆ — ಮದುವೆಯಾಗದವನು ಒಂಟಿಯಾಗಿ ಇರಕೂಡದು, ಸೈತಾನ ಹೊಕ್ಕುಬಿಡ್ತಾನೆ. ಯಾರಾದರೂ ಸಂಸಾರಸ್ಥನ ಆಳ್ವಿಕೆಯಲ್ಲಿ ಇರಬೇಕು. ನನ್ನನ್ನ ಆಳೋಕೆ ಊರ ಪಂಚರಿಗೆ ಸಿಕ್ಕವನು ಯಾರು? ನನ್ನ ಕೈಕೆಳಗೇ ಕೆಲಸ ಕಲಿತ ಲೆಮ್ಯುಯೆಲ್!

"ಯಜಮಾನ್ರೇ, ತಪ್ಪು ತಿಳೀಬೇಡಿ... ಪ್ರಾರ್ಥನೆ ಹೊತ್ತಿಗೆ ಮನೇಲಿರ್ಬೇಕು," ಅಂತಾನೆ ಪಾಪ, ಕೈ ಹೊಸಕಿಕೊಂಡು. ನನ್ನನ್ನ ಆಳೋನು ನನ್ನನ್ನೇ ಯಜಮಾನ್ರೇ ಅಂತಾನೆ.

ಸೈತಾನ ಈ ಮನೆಗಂತೂ ಬರಲ್ಲ. ಕಾಲಿಡೋಕೆ ಜಾಗ ಎಲ್ಲಿದೆ?

14. ಮಧ್ಯಾಹ್ನ

ಸಿಕ್ಕಿಬಿದ್ದೆ. ಸಬ್ಬತ್ತಿನ ಹಿಂದಿನ ಸಂಜೆ ಉಳಿ ತರೋಣ ಅಂತ ನನ್ನ ಮನೆಗೆ ಹೋದೆ. ಹಾಸಿಗೆ ಕಂಡಿತು. ಒಂದು ಗಳಿಗೆ ಬೆನ್ನು ಚಾಚೋಣ ಅಂತ... ಕಣ್ಣು ಬಿಟ್ಟರೆ ತಲೆದೆಸೆಯಲ್ಲಿ ಕಾನ್‌ಸ್ಟೇಬಲ್ ಗಿಡಿಯನ್. ಪ್ರಭುವಿನ ದಿನದ ಎರಡು ಸಭೆಯೂ ಮುಗಿದಿದ್ದವು.

"ಸತ್ತೇಹೋದೆಯೇನೋ ಅಂದ್ಕೊಂಡೆ ಕಣೋ," ಅಂದ.

"ಸತ್ತಿದ್ರೆ ಬಿಡ್ತಿದ್ರಾ?"

"ಸತ್ತಿದ್ರೆ ಸಭೆ ತಪ್ಪಿಸಿದ್ದಕ್ಕೆ ಒಂದು ಕಾರಣ ಇರ್ತಿತ್ತು."

ಈ ವಾರದ ನಡುವಿನ ಪ್ರವಚನದ ದಿನ ಕೋಳ. ಎಲ್ಲರೂ ನೋಡೋ ಹಾಗೆ ಸಭಾಮಂದಿರದ ಎದುರಿಗೇ. ಅಮ್ಮ ಇದ್ದಿದ್ದರೆ ನಾಚಿಕೆಯಿಂದ ಸಾಯ್ತಿದ್ದಳು. ಆದರೆ ನಿದ್ದೆ ಮಾತ್ರ... ಆಹಾ.

17. ಸಂಜೆ

ಏನಂತ ಬರೆಯಲಿ! ಹೊಟ್ಟೆ ಇನ್ನೂ ನೋಯ್ತಿದೆ — ನಕ್ಕು ನಕ್ಕು.

ಬೆಂಚಿನ ಮೇಲೆ ಕೂರಿಸಿ ಹಲಗೆಯ ತೂತಿನಲ್ಲಿ ಕಾಲು ಸಿಕ್ಕಿಸಿದರು. ಪಕ್ಕದ ತೂತುಗಳಲ್ಲಿ ಆಗಲೇ ಎರಡು ಕಾಲು. ಎಝ್ರಾ ಕ್ರೋಕರನ ತಂಗಿ. ಮದುವೆಯಾಗಿಲ್ಲ, ಅಣ್ಣನ ಮನೆಯಲ್ಲೇ ಹಾಲು ಕರೆದು, ನೂಲು ತೆಗೆದು, ಅವನ ಮಕ್ಕಳ ಮೂಗು ಒರೆಸಿಕೊಂಡಿದ್ದಾಳೆ. ಅವರಪ್ಪ ಇಟ್ಟ ಹೆಸರು ಸೈಲೆನ್ಸ್. ಆ ಪುಣ್ಯಾತ್ಮನಿಗೆ ಭವಿಷ್ಯ ಕಾಣ್ತಿರಲಿಲ್ಲ.

"ಏನ್ ಮಾಡಿದ್ರಿ?" ಅಂದಳು.

"ಮಲಗಿದ್ದೆ."

"ಯಾರ ಜೊತೆ?"

"ಒಬ್ಬನೇ ರೀ!"

"ಅಯ್ಯೋ, ಅಷ್ಟಕ್ಕೇನಾ?"

ಕಿವಿಯೆಲ್ಲ ಬಿಸಿಯಾಯ್ತು. ನೀವೇನು ಮಾಡಿದ್ರಿ ಅಂತ ಕೇಳಿದೆ. ಅಣ್ಣನ ಊಟದ ಪ್ರಾರ್ಥನೆ ಮುಗಿಯೋದ್ರೊಳಗೆ ಜೋಳದ ಗಂಜಿ ಮೇಲೆ ಹೆಂಚಿನ ಹಾಗೆ ಕೆನೆ ಕಟ್ಟುತ್ತೆ ಅಂತ ನಡುಬೀದಿಯಲ್ಲಿ ಅಂದಳಂತೆ. ಹಿರಿಯರ ನಿಂದೆ.

"ಸುಳ್ಳಾ ಅದು?"

"ಸುಳ್ಳಾಗಿದ್ರೆ ಇಷ್ಟು ಕೋಪ ಬರ್ತಿತ್ತಾ ಅವನಿಗೆ?"

ನಗಬಾರದು ಅಂತ ತುಟಿ ಕಚ್ಚಿದೆ. ಮೂಗಿನಿಂದ ಬಂತು. ಅವಳೂ ಶುರು. ನಾವು ಅಳ್ತಿದ್ದೀವಿ ಅಂತ ಜನ ಅಂದ್ಕೊಂಡರು — ಪಾದ್ರಿಗಳು ಬಾಗಿಲಿಂದಲೇ ಮೆಚ್ಚಿ ತಲೆದೂಗಿದರು, ಪಶ್ಚಾತ್ತಾಪ ಅಂತ.

ಒಂದು ವಿಷಯ ಹೊಳೀತು. ಈ ಊರಲ್ಲಿ ಮದುವೆಯಾಗದ ಗಂಡು ಹೆಣ್ಣು ಪಕ್ಕಪಕ್ಕ ಕೂತು ಮಾತಾಡೋ ಜಾಗ ಇದೊಂದೇ. ಊರೆಲ್ಲ ನೋಡುತ್ತೆ, ಯಾರೂ ಕೇಳಿಸಿಕೊಳ್ಳಲ್ಲ. ಬೀಗ ತೆಗೆದಾಗ ಬೇಜಾರಾಯ್ತು. ದೇವರಾಣೆಗೂ — ಆಣೆ ಇಡೋದೂ ಪಾಪ, ಇರಲಿ — ಬೇಜಾರಾಯ್ತು.

18.

ನಿದ್ದೆ ಇಲ್ಲ. ಮಕ್ಕಳ ಒದೆಯಿಂದಲ್ಲ. ನೇರವಾಗಿ ಎಝ್ರಾ ಮನೆಗೆ ಹೋದೆ. ನಿನ್ನ ತಂಗೀನ ಮದುವೆಯಾಗಬೇಕು ಅಂತಿದ್ದೀನಿ, ಒಪ್ಪಿಗೆ ಕೊಡು ಅಂದೆ.

"ಅವಳು ಹೋದ್ರೆ ಹಸು ಕರೆಯೋರ್ಯಾರು?" ಅಂದ. ಆಮೇಲೆ ತನ್ನ ಮಾತು ತನಗೇ ಕೇಳಿಸಿರಬೇಕು. "ಅಂದ್ರೆ... ದೇವರ ಚಿತ್ತ ಇಲ್ಲ. ಇನ್ನೊಂದ್ಸಲ ಅವಳ ಹತ್ರ ಮಾತಾಡಿದ್ದು ಕಂಡ್ರೆ ಕೋರ್ಟಿಗೆ ಹೇಳ್ತೀನಿ."

ಹೇಳಿದರೆ ಛಡಿಯೇಟು. ಹಿರಿಯರ ಒಪ್ಪಿಗೆ ಇಲ್ಲದೆ ಹೆಣ್ಣಿನ ಮನಸ್ಸು ಕದಿಯೋದು ಅಪರಾಧ. ನನ್ನ ಮನಸ್ಸು ಕದ್ದವಳಿಗೆ ಏನೂ ಇಲ್ಲ.

21. ಬೆಳಿಗ್ಗೆ

ನಾನು ಪೀಪಾಯಿ ಕಟ್ಟೋ ಕೊಟ್ಟಿಗೆಯ ಮುಂದೆ ಸೈಲೆನ್ಸ್ ಹಸು ಹೊಡ್ಕೊಂಡು ಬಂದಳು. ನನ್ನ ಕಡೆ ತಿರುಗಲೂ ಇಲ್ಲ. ಹಸುವನ್ನ ನಿಲ್ಲಿಸಿ ಗದರಿದಳು:

"ಏ ಪೆದ್ದೇ, ಕೇಳು. ಬರೋ ತಿಂಗಳ ಮೊದಲ ಪ್ರವಚನದ ದಿನ ನೀನು ಕೋಳದಲ್ಲಿರ್ಬೇಕು. ಹೇಗೆ ಅಂತ ನನ್ನ ಕೇಳ್ಬೇಡ. ನನ್ನ ಜಾಗ ನಾನು ನೋಡ್ಕೊಳ್ತೀನಿ. ಗೊತ್ತಾಯ್ತಾ?"

ಹಸು ಸುಮ್ಮನಿತ್ತು. ನಾನು ಒಳಗಿಂದ "ಹ್ಞೂಂ" ಅಂದೆ.

ಹಸು ಜೊತೆ ಮಾತಾಡಬಾರದು ಅಂತ ಕಾನೂನಿಲ್ಲ. ಎಂಥಾ ತಲೆ ರೀ ಅದು!

23.

ಶಿಕ್ಷೆ ಸಿಗೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಬೀದಿಯಲ್ಲಿ ಹೊಗೆಸೊಪ್ಪು ಸೇದಿದೆ. ಗಿಡಿಯನ್ ಹತ್ತಿರ ಬಂದ. ಆಹಾ ಹಿಡಿದ ಅಂದ್ಕೊಂಡೆ. ಆಚೆ ಈಚೆ ನೋಡಿ, "ಒಂದು ದಮ್ಮು ಕೊಡೋ," ಅಂದ.

24.

ಪ್ರವಚನದ ನಡುವೆ ಬೇಕಂತಲೇ ಗೊರಕೆ ಹೊಡೆದೆ. ಪಕ್ಕದವರು ಎಬ್ಬಿಸಲೇ ಇಲ್ಲ. "ಪಾಪ, ಲೆಮ್ಯುಯೆಲ್ ಮನೇಲಿ ನಿದ್ದೆ ಎಲ್ಲಿ ಬರುತ್ತೆ," ಅಂತ ಪಿಸುಗುಟ್ಟಿದರು. ಕೆಟ್ಟವನಾಗೋಣ ಅಂದ್ರೆ ಈ ಊರಿನ ದಯೆ ಬಿಡಲ್ಲ.

28.

ಆಯ್ತು! ಆಯ್ತು!

ಮೊನ್ನೆ ಸಂಜೆ ಸೂರ್ಯ ಮುಳುಗಿ ಕೆಲಸ ಮುಟ್ಟಬಾರದ ಸಬ್ಬತ್ ಶುರುವಾದ ಕೂಡಲೇ ಖಾಲಿ ಪೀಪಾಯಿಗೆ ಕಬ್ಬಿಣದ ಬಳೆ ಬಡಿಯೋಕೆ ನಿಂತೆ. ಢಣ್ ಢಣ್ ಢಣ್. ಕಡಲ ದಂಡೆವರೆಗೂ ಕೇಳಿಸಿರಬೇಕು. ಬಾಗಿಲುಗಳು ತೆರೆದವು. ಲೆಮ್ಯುಯೆಲ್ ಓಡಿ ಬಂದ. "ಯಜಮಾನ್ರೇ, ನಿಮ್ ಕಾಲಿಗೆ ಬೀಳ್ತೀನಿ, ಸಾಕು!" ಅಂದ. ನಾನು ಇನ್ನೂ ಜೋರಾಗಿ ಬಡಿದೆ.

ಇವತ್ತು ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕೋಳ ಅಂದಾಗ ಬಾಯಿ ತಪ್ಪಿ "ಬಹಳ ಉಪಕಾರ ಸ್ವಾಮಿ" ಅಂದುಬಿಟ್ಟೆ. ಕನ್ನಡಕದ ಮೇಲಿಂದ ನೋಡಿದರು.

ಪಾಪ: ಸಬ್ಬತ್ ಮುರಿದದ್ದು. ಇದಕ್ಕೆ ನಿಜವಾಗಿ ಹೆದರಿಕೆ ಇದೆ. ತಪ್ಪೊಪ್ಪಿ ಬೇಡಿಕೊಂಡಿದ್ದೀನಿ. ದೇವರು ದೊಡ್ಡವನು, ಅವನಿಗೂ ಸೈಲೆನ್ಸ್ ಗೊತ್ತಲ್ಲ.

ಎಂಟನೇ ತಿಂಗಳು, 1. ಸಂಜೆ

ಇದ್ದದ್ದು ಇದ್ದಂಗೆ ಬರೀತೀನಿ.

ಚಳಿಗಾಳಿ. ಅವಳು ಬಂದು ಪಕ್ಕದಲ್ಲಿ ಕೂತಳು. ಈ ಸಲ ಅಣ್ಣನನ್ನ ಒಣಗಿದ ಕಾಡ್‌ಮೀನು ಅಂದಿದ್ದಳಂತೆ, ಪಂಚರ ಎದುರಿಗೇ.

"ಏನು ಉಪಾಯ?" ಅಂದೆ.

"ಸುಮ್ನಿರಿ. ಕೇಳಿದಾಗ ನಿಜ ಹೇಳಿ, ಅಷ್ಟೇ."

ಪ್ರವಚನ ಮುಗಿದು ಜನ ಹೊರಗೆ ಬಂದರು. ಮ್ಯಾಜಿಸ್ಟ್ರೇಟರು ನಮ್ಮೆದುರು ನಿಂತು ಎಝ್ರಾನನ್ನ ಕರೆದರು. "ಏನಯ್ಯಾ, ಮತ್ತೆ ಮತ್ತೆ ಇವಳೇ. ಒಬ್ಬ ತಂಗೀನ ಆಳೋಕಾಗಲ್ವಾ ನಿನಗೆ?"

"ನನ್ ಕೈಲಾಗಲ್ಲ ಸ್ವಾಮಿ!" ಅಂದ ಎಝ್ರಾ, ಕರುಣೆ ಬರಲಿ ಅಂತ.

"ಜೋರಾಗಿ ಹೇಳಣ್ಣ," ಅಂದಳು ಸೈಲೆನ್ಸ್ ಮೆತ್ತಗೆ. "ಹಿಂದಿರೋರಿಗೆ ಕೇಳಿಸ್ಲಿಲ್ಲ."

"ನನ್ನ ಕೈಲಾಗಲ್ಲ!" ಅಂತ ಕಿರುಚಿದ ಪೆದ್ದ. ಇಡೀ ಸಭೆ ಸಾಕ್ಷಿ.

ಆಗ ಅವಳು ತಲೆ ತಗ್ಗಿಸಿ, "ಸ್ವಾಮಿ, ಆಳೋಕಾಗದ ಮನೇಲಿ ಒಂಟಿ ಹೆಣ್ಣನ್ನ ಇಡಬಾರದು ಅಂತ ಕಾನೂನಿದೆಯಲ್ಲಾ?" ಅಂದಳು.

ಮ್ಯಾಜಿಸ್ಟ್ರೇಟರು ಕೆಮ್ಮಿದರು. ಇದೆ. ಅದೇ ಕಾನೂನು ನನ್ನನ್ನ ಮಕ್ಕಳ ಒದೆಗೆ ತಳ್ಳಿದ್ದು. "ಸರಿ," ಅಂದರು ಜನದ ಕಡೆ ತಿರುಗಿ. "ಇವಳನ್ನ ಯಾರು ಮನೆಗೆ ಸೇರಿಸ್ಕೊಳ್ತೀರಿ?"

ಧೈರ್ಯವಂತರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾನು ಕೈ ಎತ್ತಿದೆ. ಕೋಳದಲ್ಲಿ ಕೈ ಖಾಲಿಯೇ ಇರುತ್ತೆ.

"ನಿನಗೆಲ್ಲಯ್ಯಾ ಸಂಸಾರ?"

"ಇವರು ಬಂದ್ರೆ ಅದೇ ಸಂಸಾರ ಅಲ್ವಾ ಸ್ವಾಮಿ."

ಹೋ ಅಂತ ನಗು. ಎಝ್ರಾ ಮುಂದೆ ನುಗ್ಗಿದ. "ಇದು ಒಪ್ಪಿಗೆ ಇಲ್ಲದ ಪ್ರಣಯ! ಛಡಿಯೇಟು ಹಾಕ್ಸಿ!" ನಗು ನಿಂತುಹೋಯ್ತು. ಅವಳ ಮುಖವೂ ಬಿಳಿಚಿತು.

ಮ್ಯಾಜಿಸ್ಟ್ರೇಟರು ನನ್ನನ್ನೇ ದಿಟ್ಟಿಸಿದರು. "ನಿಜ ಹೇಳು. ನೀನಾದ್ರೂ ಇವಳನ್ನ ಆಳಬಲ್ಲೆಯಾ?"

ಹೌದು ಅಂದ್ರೆ ಮುಗೀತಿತ್ತು. ನಾಲಿಗೆ ತುದಿಗೆ ಬಂದಿತ್ತು. ಅವಳ ಕಡೆ ನೋಡಿದೆ.

"ಇಲ್ಲ ಸ್ವಾಮಿ," ಅಂದೆ. "ಆಳೋ ಆಸೆಯೂ ಇಲ್ಲ. ದಿನಾ ಅವರ ಮಾತು ಕೇಳ್ಕೊಂಡಿರ್ಬೇಕು, ಅಷ್ಟೇ ಆಸೆ."

ಸೈಲೆನ್ಸ್ ಏನೂ ಹೇಳಲಿಲ್ಲ. ಮೊದಲನೇ ಸಲ! ಕಣ್ಣು ಒರೆಸಿಕೊಂಡಳು. ಇಷ್ಟು ದಿನ ಅವಳಲ್ಲಿ ನಗು ನೋಡಿದ್ದೆ, ಇದು ಬೇರೆ.

ಮ್ಯಾಜಿಸ್ಟ್ರೇಟರ ಹೆಂಡತಿ ಗುಂಪಿನಿಂದಲೇ, "ಊಟ ಆರ್ತಾ ಇದೆ ರೀ," ಅಂದರು. ಮ್ಯಾಜಿಸ್ಟ್ರೇಟರು ತಟ್ಟನೆ ನೆಟ್ಟಗಾದರು.

"ಆಳೋಕಾಗಲ್ಲ ಅಂತ ಊರೆದುರು ಕೈಬಿಟ್ಟವನ ಒಪ್ಪಿಗೆ ಯಾಕೆ ಬೇಕು? ಮೂರು ಸಲ ಸಭೆಯಲ್ಲಿ ಮದುವೆ ಸಾರಿ. ಹೆಣ್ಣಿಗೆ ಒಪ್ಪಿಗೆಯೋ?"

"ಮೊದಲು ಕಾಲು ಬಿಡಿಸಿ, ಸ್ವಾಮಿ," ಅಂದಳು. "ಕಟ್ಟಿಹಾಕಿ ಒಪ್ಪಿಸಿದ್ರು ಅಂತ ನಾಳೆ ಇವರೇ ಅನ್ಬಾರ್ದು."

ಗಿಡಿಯನ್ ಬೀಗ ತೆಗೆದ. ಅವಳು ಎದ್ದಳು, ಲಂಗ ಕೊಡವಿದಳು, ಹೊರಟೇಬಿಡ್ತಾಳೇನೋ ಅಂದ್ಕೊಂಡೆ. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, ಮತ್ತೆ ನನ್ನ ಪಕ್ಕದಲ್ಲೇ ಕೂತಳು.

22. ಸಂಜೆ

ನನ್ನ ಮನೆ. ನನ್ನ ಒಲೆ. ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಕೋಣೆಯಲ್ಲಿ ಮದುವೆಯಾಯ್ತು. ಪಾದ್ರಿ ಇಲ್ಲ, ಉಂಗುರ ಇಲ್ಲ, ನಮ್ಮವರ ಪದ್ಧತಿಯಂತೆ. ಲೆಮ್ಯುಯೆಲ್ ಅತ್ತುಬಿಟ್ಟ. ದುಃಖವೋ ನೆಮ್ಮದಿಯೋ, ಕೇಳಲಿಲ್ಲ. ಮಕ್ಕಳು ಮಾತ್ರ ನಿಜವಾಗಿ ಅತ್ತವು. ಎಝ್ರಾ ಬರಲಿಲ್ಲ, ಹಸು ಕರೀತಿದ್ದನಂತೆ.

ಮ್ಯಾಜಿಸ್ಟ್ರೇಟರು ಗಟ್ಟಿಯಾಗಿ ಓದಿ ಹೇಳಿದ್ದಾರೆ: ಇವತ್ತಿನಿಂದ ಈ ಮನೆಗೆ ಯಜಮಾನ ನಾನು, ಆಳೋದು ನಾನು, ಅವಳು ನಡೆದುಕೊಳ್ಳತಕ್ಕದ್ದು.

ಸೈಲೆನ್ಸ್ ಒಲೆ ಹತ್ತಿರದಿಂದ ಕರೀತಿದ್ದಾಳೆ. ಸೌದೆ ತರಬೇಕಂತೆ, ಈಗಲೇ ಅಂತೆ. ಯಜಮಾನ ಅಂದ ಮೇಲೆ ಒಂದು ಗತ್ತು ಬೇಡವೇ? ಈ ಸಾಲು ಮುಗಿಸದೆ ಏಳೋದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ದೀನಿ, ಯಾಕಂದ್ರೆ ಗಂಡಸು ಅಂದ ಮೇಲೆ ಮೊದಲ ದಿನವೇ