ಪುಟ ನಾಲ್ಕರ ಫೋಟೋ, ಪುಟ 187ರ ಟಿಪ್ಪಣಿ

ಕಂಪನಿಗಳ ಲೆಕ್ಕಪತ್ರಗಳ ಮೇಲೆ ಕಣ್ಣಿಟ್ಟಿರುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕಂಪನಿಯೊಂದು ತನ್ನ ಎರಡನೇ ಘಟಕವನ್ನು ಮುಚ್ಚಿ ಮಾರುವ ಸಂಗತಿಯನ್ನು ಅಲ್ಲಿನ ಕೆಲಸಗಾರರಿಂದ ಮುಚ್ಚಿಟ್ಟಿತ್ತು ಎಂದು ನಾನು ಕೊಟ್ಟ ದೂರಿಗೆ ನಿಮ್ಮ ಉತ್ತರ ಬಂದಿದೆ. ‘ಸದರಿ ಮಾಹಿತಿಯನ್ನು ವಾರ್ಷಿಕ ವರದಿಯ ಪುಟ 187ರ ಟಿಪ್ಪಣಿ 38ರಲ್ಲಿ ಪ್ರಕಟಿಸಲಾಗಿದ್ದು, ಯಾವುದನ್ನೂ ಮುಚ್ಚಿಟ್ಟಿರುವುದಿಲ್ಲ.’ ಎಂಥ ಅಚ್ಚುಕಟ್ಟಾದ ವಾಕ್ಯ! ಹುಡುಕಿದರೂ ಒಂದು ಅಕ್ಷರ ತಪ್ಪಿಲ್ಲ. ಹುಡುಕಿದೆ ಕೂಡ, ಏಕೆಂದರೆ ಕರಡು ತಿದ್ದುವುದು ನನ್ನ ಕಸುಬು. ನೀವು ಹೇಳುವ ಆ ಪುಟ 187ನ್ನು ತಿದ್ದಿದವಳೂ ನಾನೇ.

ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಪಠ್ಯಪುಸ್ತಕ, ಔಷಧಿ ಡಬ್ಬಿಯ ಚೀಟಿ ಎಲ್ಲ ಮುಗಿಸಿ ಏಳು ವರ್ಷದ ಹಿಂದೆ ಕಂಪನಿ ವರದಿಗಳ ಮೇಜಿಗೆ ಬಂದೆ. ಮೊದಲ ವಾರವೇ ಎಡವಟ್ಟು ಮಾಡಿಕೊಂಡೆ. ಆವರಣದೊಳಗೆ ಇರುವುದನ್ನು ಬಿಟ್ಟು ಓದಿದರೂ ನಡೆಯುತ್ತದೆ ಎಂದು ಶಾಲೆಯಲ್ಲಿ ಕಲಿತವಳು ನಾನು. ಅಂಕಿಗಳಿಗೆ ಯಾಕಪ್ಪಾ ಇಷ್ಟೊಂದು ಆವರಣ ಎಂದುಕೊಂಡು ಎಲ್ಲವನ್ನೂ ಕೆಂಪು ಪೆನ್ನಿನಿಂದ ಹೊಡೆದುಹಾಕಿದೆ. ಲೆಕ್ಕಪರಿಶೋಧಕರ ಕಡೆಯಿಂದ ಬಂದಿದ್ದ ಹೆಣ್ಣುಮಗಳು ಹಣೆ ಹಣೆ ಚಚ್ಚಿಕೊಂಡಳು. “ಮೇಡಂ, ಆವರಣ ಇದ್ರೆ ನಷ್ಟ ಅಂತ ಅರ್ಥ! ಒಂದೇ ಮಧ್ಯಾಹ್ನದಲ್ಲಿ ಇಡೀ ಕಂಪನೀನ ಲಾಭಕ್ಕೆ ತಂದುಬಿಟ್ರಲ್ಲ!”

ಊಟದ ಬಿಡುವಿನಲ್ಲಿ ಅವಳೇ ನನಗೆ ಓದಲು ಕಲಿಸಿದಳು. “ಮುಂದಿನ ಬಣ್ಣದ ಪುಟಗಳನ್ನ ಬಿಡಿ, ಹಿಂದಿನಿಂದ ಶುರು ಮಾಡಿ. ಈ ವರ್ಷದ ಅಂಕಿ ಪಕ್ಕದಲ್ಲೇ ಹೋದ ವರ್ಷದ್ದು ಇರುತ್ತೆ, ಎರಡನ್ನೂ ನೋಡಿ. ತುಂಬಾ ವ್ಯತ್ಯಾಸ ಕಂಡ್ರೆ ಟಿಪ್ಪಣಿ ನಂಬರ್ ಹಿಡಿದು ಹೊರಡಿ. ಲಾಭ ಅಂತ ಬರೆದಿದ್ರೆ ಸಾಲದು, ದುಡ್ಡು ಕೈಗೆ ಬಂತಾ ಅಂತ ನಗದಿನ ಪಟ್ಟಿಯಲ್ಲಿ ನೋಡಿ.” ಕಲಿಯುತ್ತ ಕಲಿಯುತ್ತ ನನಗೆ ಅದರ ರುಚಿ ಹತ್ತಿತು. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೇಲೆ ಹೇಳಿದ ಎರಡನೇ ಘಟಕದಲ್ಲಿ ನನ್ನ ತಮ್ಮ ಹತ್ತೊಂಬತ್ತು ವರ್ಷದಿಂದ ಬಾಯ್ಲರ್ ಆಪರೇಟರ್. ಈ ಸಲದ ಕರಡು ಬಂದಾಗ ಪುಟ ನಾಲ್ಕರಲ್ಲಿ ಅವನೇ ನಿಂತಿದ್ದ. ತಲೆಗೆ ಹೆಲ್ಮೆಟ್, ಮುಖದ ತುಂಬ ನಗು, ಕೆಳಗೆ ‘ಮುಂದಿನ ಹತ್ತು ವರ್ಷಗಳತ್ತ ದೃಢ ಹೆಜ್ಜೆ’ ಎಂಬ ಸಾಲು. ಹೆಮ್ಮೆಯಿಂದ ಎರಡು ಸಲ ನೋಡಿದೆ. ಆಮೇಲೆ ಅಭ್ಯಾಸದಂತೆ ಹಿಂದಿನಿಂದ ಓದತೊಡಗಿದೆ. ಯಂತ್ರೋಪಕರಣಗಳ ಸಾಲಿನಲ್ಲಿ ಹೋದ ವರ್ಷದ ಅಂಕಿ ಈ ವರ್ಷ ಅರ್ಧಕ್ಕೆ ಇಳಿದಿತ್ತು. ನಂಬರ್ ಹಿಡಿದು ಹೋದರೆ ಟಿಪ್ಪಣಿ 38: ಎರಡನೇ ಘಟಕದ ಯಂತ್ರಗಳನ್ನು ‘ಮಾರಾಟಕ್ಕೆ ಇರಿಸಿದ ಆಸ್ತಿ ಎಂದು ಮರುವರ್ಗೀಕರಿಸಲಾಗಿದೆ’. ಯಂತ್ರ ಮಾರಿದರೆ ಘಟಕ ಮುಚ್ಚಿದಂತೆಯೇ. ಆ ಟಿಪ್ಪಣಿಯಲ್ಲೊಂದು ಕೊಂಬು ಬಿಟ್ಟುಹೋಗಿತ್ತು. ಹಾಕಿದೆ. ನನ್ನ ಅಧಿಕಾರ ಅಷ್ಟೇ.

ಹೇಳೋಣವೆಂದರೆ ನಿಮ್ಮ ನಿಯಮವಿದೆ. ವರದಿ ಪ್ರಕಟವಾಗುವವರೆಗೆ ‘ಮಾತಿನಿಂದಾಗಲಿ, ಬರಹದಿಂದಾಗಲಿ, ಸೂಚನೆಯಿಂದಾಗಲಿ’ ಯಾರಿಗೂ ತಿಳಿಸತಕ್ಕದ್ದಲ್ಲ ಎಂಬ ಹಾಳೆಗೆ ಸಹಿ ಹಾಕಿದ್ದೇನೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಮೊಕದ್ದಮೆಯೂ ಬರುತ್ತದೆ. ನಾವು ಕೂರುವ ಕೋಣೆಯ ಕಿಟಕಿ ತೆರೆಯುವುದಿಲ್ಲ, ಫೋನು ಬಾಗಿಲಾಚೆ ಬೀರುವಿನಲ್ಲಿ. ಅದೇ ವಾರ ತಮ್ಮನಿಗೆ ಹಾಲಿನ ಡೇರಿಯೊಂದರಿಂದ ಕೆಲಸದ ಕರೆ ಬಂತು. ಶನಿವಾರದೊಳಗೆ ಉತ್ತರ ಹೇಳಬೇಕಿತ್ತು. ವರದಿ ಪ್ರಕಟವಾಗುವುದು ಅದರ ಮುಂದಿನ ಮಂಗಳವಾರ.

ಗುರುವಾರ ಸಂಜೆ ಮನೆಗೆ ಬಂದ. “ಏನ್ ಮಾಡ್ಲಿ ಅಕ್ಕಾ?”

“ಹೋಗು” ಎಂದೆ.

“ಯಾಕೆ?”

ಮಾನ್ಯರೇ, ಆ ‘ಯಾಕೆ’ಗೆ ನಿಮ್ಮ ನಿಯಮದಲ್ಲಿ ಯಾವ ಉತ್ತರವಿದೆ? “ಸುಮ್ನೆ, ಒಂದು ಬದಲಾವಣೆ ಇರ್ಲಿ ಅಂತ” ಎಂದು ತೊದಲಿದೆ.

“ಇರೋ ಕೆಲ್ಸ ಬಿಡಬೇಡ ಬಿಡಬೇಡ ಅಂತ ಇಷ್ಟು ವರ್ಷ ನನ್ ಪ್ರಾಣ ತಿಂದೋಳು ನೀನು!” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, “ಹೋಗ್ಲಿ, ಇದೊಂದು ಹೇಳು. ನನ್ ಫೋಟೋ ಬಂದಿದ್ಯಾ?” ಎಂದ.

ಅವನ ಮುಖ ನೋಡಿ ನನಗೆ ಸುಮ್ಮನಿರಲಾಗಲಿಲ್ಲ. “ಹೂಂ” ಎಂದೆ.

“ಮತ್ತೆ? ಫೋಟೋ ಹಾಕೋರು ಕೆಲ್ಸದಿಂದ ತೆಗೀತಾರಾ?” ಮರುದಿನವೇ ಡೇರಿಗೆ ಫೋನು ಮಾಡಿ ಬರುವುದಿಲ್ಲ ಎಂದುಬಿಟ್ಟ.

ಎರಡು ತಿಂಗಳಿಗೆ ಘಟಕ ಮುಚ್ಚಿತು. ಡೇರಿಯಲ್ಲಿ ಅಷ್ಟರಲ್ಲಿ ಬೇರೆಯವರು ಸೇರಿಯಾಗಿತ್ತು. ನನ್ನ ತಮ್ಮ ಅಚ್ಚಾದ ಆ ವರದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, “ಇದನ್ನ ಓದೋದು ಹೇಳ್ಕೊಡು” ಎಂದ. ಹೇಗೆ ಬೇಡವೆನ್ನಲಿ? ಪ್ರತಿ ಭಾನುವಾರ ಹಿಂದಿನಿಂದ ಓದಿಸಿದೆ. ನಿನ್ನೆಯ ಒತ್ತಡಕ್ಕೆ ಇವತ್ತಿನದನ್ನು ಹೋಲಿಸಿ ಬಾಯ್ಲರ್ ಕಾದವನು, ನನಗಿಂತ ಬೇಗ ಕಲಿತ. ಮೂರನೆಯ ಭಾನುವಾರ ಲೆಕ್ಕಪರಿಶೋಧಕರ ಸಹಿಯ ಪುಟಕ್ಕೆ ಬಂದು, ಕೆಳಗಿನ ತಾರೀಖಿನ ಮೇಲೆ ಬೆರಳಿಟ್ಟ.

“ಇದು ಗುರುವಾರ. ನಾನು ನಿಮ್ಮನೆಗೆ ಬಂದ ದಿನ. ಅವತ್ತು ಇದು ನಿನ್ ಮೇಜಿನ ಮೇಲೇ ಇತ್ತಲ್ವಾ ಅಕ್ಕಾ?”

ಅವನು ಕೂಗಾಡಲಿಲ್ಲ, ವರದಿಯನ್ನು ಅಲ್ಲೇ ಬಿಟ್ಟು ಎದ್ದುಹೋದ. ಅದಾದ ಮೇಲೆ ಭಾನುವಾರಗಳು ಬಂದಿವೆ, ಅವನು ಬಂದಿಲ್ಲ.

ಶೇರು ಕೊಳ್ಳುವವರಲ್ಲಿ ಒಬ್ಬರಿಗೆ ಮೊದಲು, ಒಬ್ಬರಿಗೆ ಆಮೇಲೆ ತಿಳಿಯಬಾರದೆಂದು ಈ ನಿಯಮವಂತೆ. ಸಂತೋಷ. ನನ್ನ ತಮ್ಮನ ಹತ್ತಿರ ಮಾರಲು ಶೇರು ಇರಲಿಲ್ಲ, ಶನಿವಾರದೊಳಗೆ ಹೇಳಬೇಕಾದ ಒಂದು ಉತ್ತರವಿತ್ತು. ಅವನನ್ನು ಕಾಯುವ ನಿಯಮ ನಿಮ್ಮ ಯಾವ ಪುಸ್ತಕದ ಯಾವ ಪುಟದಲ್ಲಿದೆ? ಎಷ್ಟು ಹಿಂದಿದ್ದರೂ ಪರವಾಗಿಲ್ಲ, ಹುಡುಕಿ ಓದಬಲ್ಲೆ.

ನನ್ನ ಬೇಡಿಕೆ ಇಷ್ಟು. ಮುಚ್ಚುವ ಘಟಕದ ಸುದ್ದಿಯನ್ನು ಅಲ್ಲಿ ದುಡಿಯುವವರಿಗೆ ಮೊದಲು, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಅಂಥ ಟಿಪ್ಪಣಿ ಅವರ ಫೋಟೋದ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚಾಗಬೇಕು. ಜೊತೆಗೆ ನನ್ನ ಮೇಲೂ ಕ್ರಮ ಕೈಗೊಳ್ಳಿ. ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದವಳು ಒಂದೇ ಒಂದು ಗುಟ್ಟು ಬಿಟ್ಟುಕೊಟ್ಟೆ. ಪುಟ 187ನ್ನು ನುಂಗಿಕೊಂಡು ಪುಟ ನಾಲ್ಕನ್ನು ಹೇಳಿದೆ.

ಇಂತಿ,
ಕೊಂಬು ಬಿಟ್ಟಿದ್ದನ್ನು ಮಾತ್ರ ತಿದ್ದಿದ
ಬಾಯ್ಲರ್ ಆಪರೇಟರನ ಅಕ್ಕ