ಅವ್ವ ನುಂಗಿದ ಸಿಟ್ಟು

ವೆಸ್ಟ್‌ಮೀಡ್, ಸಿಡ್ನಿ
ಜುಲೈ ೧೪, ೨೦೨೪

ಮಗಳು ಶೀತಲಗೆ ಅಪ್ಪ ಬರೆಯುವುದು,

ಆರಾಮ ಇದ್ದೀ ಅಂತ ತಿಳಿದಿದ್ದೇನೆ. ನನ್ನ ಮಾತು ಮೀರಿ ಮದುವೆಯಾಗಿ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಮನೆ ಹೂಡಿದವಳಿಗೆ ಏನು ಧಾಡಿ? ಇಲ್ಲಿ ನಿನ್ನ ಅವ್ವನ ಬಲಗೈ ಇನ್ನೂ ಎದ್ದಿಲ್ಲ. ಬಾಯಿ ಸೊಟ್ಟಗಾಗಿದೆ, ಮಾತು ಹೊರಡುವುದಿಲ್ಲ. ಬಿಪಿ ಏರಿ ಮಿದುಳಿನ ನರ ಒಡೆಯಿತು ಅಂದರು ದವಾಖಾನೆಯವರು. ನಾನು ಹೇಳುತ್ತೇನೆ, ಒಡೆದವಳು ನೀನು.

ನಿನ್ನ ಅಣ್ಣ ಗುರುಬಸವ ಈಗ ಅವಳನ್ನು ಒಬ್ಬ ಚೀನಾದ ವೈದ್ಯೆಯ ಹತ್ತಿರ ಕರೆದುಕೊಂಡು ಹೋಗುತ್ತಾನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಆದರೂ ಅವನು ಬಿಡಿಸಿ ಹೇಳಿದಾಗ ಆಕೆಯ ಮಾತು ತಲೆಗೆ ಹತ್ತಿತು. ಮೊದಲು ನಾಲಿಗೆ ನೋಡಿದಳು. ಎರಡೂ ಮಣಿಕಟ್ಟಿಗೆ ಮೂರು ಮೂರು ಬೆರಳಿಟ್ಟು ನಾಡಿ ಹಿಡಿದಳು. ಸಿಟ್ಟು ಕೂಡುವ ಜಾಗ ಲಿವರ್ ಅಂತೆ. ಒಳಗಿನ ನೀರು ಬತ್ತಿದರೆ ಅಲ್ಲಿ ಬೆಂಕಿ ಏಳುತ್ತದೆ, ಬೆಂಕಿಯಿಂದ ಗಾಳಿ, ಆ ಗಾಳಿ ತಲೆಗೇರಿ ಮನುಷ್ಯನನ್ನು ಕೆಡವುತ್ತದೆ. ಅದನ್ನು ಕೆಳಗಿಳಿಸಲಿಕ್ಕೆ ಕಾಲಿನ ಹೆಬ್ಬೆರಳ ಸಂದಿಯಲ್ಲಿ ಸೂಜಿ. ಮೇಲೆ ನೆಲಬೇವಿನಂಥ ಕಹಿ ಕಷಾಯ. ದವಾಖಾನೆಯ ಗುಳಿಗೆ ಮಾತ್ರ ಬಿಡಬಾರದು ಎಂದು ಮೂರು ಸಲ ಹೇಳಿದಳು.

ಆಮೇಲೆ ಆಕೆ ಏನೋ ಕೇಳಿದಳು. "ಇವರು ಇಷ್ಟು ವರ್ಷ ಯಾರ ಮ್ಯಾಲಿನ ಸಿಟ್ಟು ನುಂಗ್ಯಾರ ಅಂತ ಕೇಳಾಕತ್ತಾರ, ಅಪ್ಪಾ" ಅಂದ ಗುರುಬಸವ. ನಾನು ತಡಮಾಡದೆ ನಿನ್ನ ಹೆಸರು ಹೇಳಿದೆ. ಮೂರು ವರ್ಷ ನಿನ್ನ ಫೋನು ಬಂದಾಗಲೆಲ್ಲ ಅವಳ ಕೈಗೆ ಕೊಡದೆ ಕಟ್ ಮಾಡಿದ್ದಕ್ಕೇ ಇಷ್ಟು ದಿನ ಉಳಿದಳು, ಅದನ್ನೂ ಆಕೆಗೆ ಹೇಳು ಅಂತ ಗುರುಬಸವನಿಗೆ ಅಂದೆ. ಅವನು ಅದನ್ನು ಬಿಟ್ಟು ಅವ್ವನ ಹೊದಿಕೆ ಸರಿಮಾಡಿದ. ಅವನೂ ನಿನ್ನ ಕಡೆಯವನೇ.

ನಿನ್ನ ಗಂಡನಿಗೆ ಅಪ್ಪ ಕೇಳಿದ್ದಾರೆ ಅಂತ ಹೇಳಬೇಡ. ನಾನು ಕೇಳಿಲ್ಲ.

ಬಸವಣ್ಣ ನಿನಗೆ ಈಗಲಾದರೂ ಬುದ್ಧಿ ಕೊಡಲಿ.

ನಿನ್ನ ಅಪ್ಪ,
ಅಡಿವೆಪ್ಪ

ತಾ.ಕ.: ನಿನ್ನ ಹೆಸರು ಹೇಳಿದ ಕೂಡಲೇ ಅವ್ವ ಎಡಗೈ ಎತ್ತಿದಳು. ನೀರು ಬೇಕೇನೋ ಅಂದುಕೊಂಡೆ. ಬೆರಳು ನನ್ನ ಕಡೆ ಬಂದು ನಿಂತಿತು. ಅಂದಿನಿಂದ ಸೂಜಿ ಹಾಕುವಾಗ ನನ್ನನ್ನು ಹೊರಗೆ ಕೂಡ್ರಿಸುತ್ತಾರೆ. ನೀನು ಕಳಿಸಿದ ಬಿಪಿ ಮಷೀನು ಹಚ್ಚಿ ನೋಡು ಅಂತ ಗುರುಬಸವನಿಗೆ ಹೇಳಿದೆ. ನಾನು ಪಕ್ಕದಲ್ಲಿದ್ದರೆ ನೂರಾ ಎಂಬತ್ತು, ಎದ್ದು ಹೋದರೆ ನೂರಾ ಐವತ್ತು. ನಾಲ್ಕು ದಿನ ನೋಡಿದೆವು, ಅದೇ. ಶನಿವಾರ ಬಾ. ನಿನ್ನ ಎದುರಿಗೂ ಏರಿದರೆ ಅವತ್ತೇ ತಿರುಗಿ ಹೋಗು. ಇಳಿದರೆ ನೀನು ಇರು, ನಾನು ಹೋಗುತ್ತೇನೆ.